ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ವಿಮಾನದ ಹತ್ತಿರ ಅವ್ವನ ಫೋಟೊ ತೆಗೆಯಬಹುದಾ?

ಗೋಕಾಕದವ: ಮುಂದಿನ ವಾರ ಅವ್ವನನ್ನು ಬೆಂಗಳೂರಿಗೆ ವಿಮಾನದಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ಅವಳಿಗೆ 71 ವರ್ಷ, ಇದೇ ಮೊದಲ ಸಲ. ಇಳಕಲ್ ಸೀರೆ ಈಗಲೇ ಇಸ್ತ್ರಿ ಮಾಡಿಸಿಟ್ಟಿದ್ದಾಳೆ. ಮೆಟ್ಟಿಲ ಹತ್ತಿರ ಒಂದು ಫೋಟೊ ಬೇಕು. ಆದರೆ ಸಾಂಬ್ರಾ ವಾಯುಪಡೆಯ ಜಾಗ ಅಲ್ವಾ? ಹೋದ ಸಲ ಪುಣೆಯಲ್ಲಿ ಇಳಿಯುವಾಗ ಕಿಟಕಿ ಮುಚ್ಚಿಸಿದ್ದರು.

ಬಾಗಲಕೋಟೆ ರಸ್ತೆ: ನಮ್ಮ ಮನೆ ಸಾಂಬ್ರಾದಲ್ಲೇ ಇದೆ ರೀ. ಪುಣೆಗೂ ಇಲ್ಲಿಗೂ ಬಹಳ ವ್ಯತ್ಯಾಸ. ಅಲ್ಲಿ ಲೋಹೆಗಾಂವ್‌ನಲ್ಲಿ ರನ್‌ವೇಯೇ ವಾಯುಪಡೆಯದು, ಯುದ್ಧವಿಮಾನ ಹಾರುತ್ತವೆ. ಇಲ್ಲಿ ಪಕ್ಕದಲ್ಲಿರುವುದು ವಾಯುಪಡೆಯ ತರಬೇತಿ ಶಾಲೆ. ಈಗ ಅಗ್ನಿವೀರ ಹುಡುಗರೂ ಅಲ್ಲೇ ಕಲಿಯುತ್ತಾರೆ. ಈ ವಿಮಾನ ನಿಲ್ದಾಣ 1942ರಲ್ಲಿ ಬ್ರಿಟಿಷರ ವಾಯುಪಡೆ ಮಾಡಿದ್ದು. ಈಗಿನ ಟರ್ಮಿನಲ್ 2017ರದು. ನಮ್ಮ ಅಜ್ಜ ಅಂಗಳದಲ್ಲಿ ನಿಂತು ವಿಮಾನ ಎಣಿಸುತ್ತಿದ್ದರು, ನನಗೂ ಅದೇ ಚಟ ಹತ್ತಿದೆ. ಅವ್ವನ ಫೋಟೊ ಟರ್ಮಿನಲ್ ಎದುರು, ಬೆಳಗಾವಿ ಹೆಸರಿನ ಬೋರ್ಡ್ ಜೊತೆ ತೆಗೆಯಿರಿ. ಮೆಟ್ಟಿಲ ಹತ್ತಿರ ಮಾತ್ರ ಸಿಬ್ಬಂದಿಯನ್ನು ಒಂದು ಮಾತು ಕೇಳಿ. ವಾಯುಪಡೆಯ ಗೇಟು, ಬೇಲಿ ಕಡೆ ಮೊಬೈಲ್ ತಿರುಗಿಸಲೇಬೇಡಿ. ಒಳಗಿರುವವರು ನಮ್ಮ ಮಕ್ಕಳೇ ಅಲ್ವಾ.

ವಿಜಯಪುರ ಅಕ್ಕ: ಅವ್ವನಿಗೆ ಕಿಟಕಿ ಪಕ್ಕದ ಸೀಟು ಕೊಡಿಸಿ ತಮ್ಮ. ರೆಕ್ಕೆಯ ಮೇಲಿನ ಸಾಲು ಬೇಡ, ಕೆಳಗಿನ ಹೊಲ ಕಾಣುವುದಿಲ್ಲ.

ಗೋಕಾಕದವ: ಅಕ್ಕ, ಸೀಟು ಬದಲಾಯಿಸಿದೆ. ಈಗ ರೆಕ್ಕೆಗಿಂತ ಮುಂದಿನ ಸಾಲು.