ತುಕ್ಕು ಉಜ್ಜಿ ಪೇಂಟ್ ಹೊಡೆದ್ರೂ ಮತ್ತೆ ಗುಳ್ಳೆ ಏಳ್ತಿದೆ, ಎಲ್ಲಿ ತಪ್ಪಿದೀನಿ?

ಅಡ್ಡಕಸುಬಿ:
ಎಲ್ರಿಗೂ ನಮಸ್ಕಾರ. ನನ್ ಹತ್ರ ಎರಡು ಹಳೇ ಕಬ್ಬಿಣದ ಗ್ರಿಲ್, ಮತ್ತೆ ಅಜ್ಜನ ಕಾಲದ ಒಂದು ಬೆಂಚ್ ವೈಸ್ (ಕೆಲಸದ ತುಂಡನ್ನ ದವಡೆ ಮಧ್ಯೆ ಬಿಗಿದು ಹಿಡಿಯೋ ಸಾಧನ) ಇದೆ. ಗ್ರಿಲ್ ಮೊದ್ಲು ಕೈಗೆತ್ಕೊಂಡೆ. ಗ್ರೈಂಡರ್‌ಗೆ ವೈರ್ ಕಪ್ ಬ್ರಷ್ ಹಾಕಿ ಫಳಫಳ ಅನ್ನೋವರೆಗೂ ಉಜ್ಜಿ, ಬ್ರಷ್ ಹೋಗದ ಸಂದಿಗೆಲ್ಲ ವಿನೆಗರ್ ಹಚ್ಚಿ, ಆಮೇಲೆ ನೀರಲ್ಲಿ ತೊಳೆದು ರಾತ್ರಿಯೆಲ್ಲಾ ಒಣಗೋಕೆ ಬಿಟ್ಟು, ಬೆಳಗ್ಗೆ ಒಂದು ಕೋಟ್ ರೆಡ್ ಆಕ್ಸೈಡ್ ಪ್ರೈಮರ್ (ಪೇಂಟಿಗೆ ಮೊದ್ಲು ಹೊಡೆಯೋ ತಳದ ಕೋಟ್), ಅದರ ಮೇಲೆ ಎನಾಮೆಲ್ ಹೊಡೆದೆ. ಮೂರೇ ತಿಂಗಳು ನೋಡಿ, ಪಟ್ಟಿಗಳು ಸೇರೋ ಕಡೆಯೆಲ್ಲ ಗುಳ್ಳೆ. ಉಗುರಲ್ಲಿ ಕೆರೆದ್ರೆ ಪೇಂಟ್ ಸಿಪ್ಪೆ ಥರ ಎದ್ದು ಬರುತ್ತೆ, ಕೆಳಗೆ ಕೆಂಪು ಪುಡಿ. ವೈಸ್‌ಗೂ ಇದೇ ಗತಿ ಆಗ್ಬಾರ್ದು ಅಂತ ಇನ್ನೂ ಮುಟ್ಟಿಲ್ಲ, ಅದರ ಸ್ಕ್ರೂ ಬೇರೆ ಜಾಮ್ ಆಗಿದೆ. ರಸ್ಟ್ ಕನ್ವರ್ಟರ್ ಹಚ್ಚಿದ್ರೆ ಸಾಕಾ?

ಕಬ್ಬಿಣದ ಕಡಲೆ:
ರಾತ್ರಿಯೆಲ್ಲಾ ಒಣಗೋಕೆ ಬಿಟ್ರಲ್ಲ, ಅಲ್ಲೇ ಕೆಟ್ಟಿದ್ದು. ಆಸಿಡ್ ತಾಗಿದ ಬೆತ್ತಲೆ ಕಬ್ಬಿಣ ಒದ್ದೆ ಇದ್ರೆ ಅರ್ಧ ಗಂಟೆಯಲ್ಲೇ ಅರಿಶಿಣ ಬಳಿದ ಹಾಗೆ ಹೊಸ ತುಕ್ಕು ಹತ್ತುತ್ತೆ, ನೀವು ಪ್ರೈಮರ್ ಹೊಡೆದಿದ್ದು ಅದರ ಮೇಲೆ. ವಿನೆಗರ್ ಆದ್ಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೀಬೇಕು, ಆಮೇಲೆ ಸಾದಾ ನೀರು, ತಕ್ಷಣ ಒರೆಸಿ ಹಾಟ್ ಏರ್ ಗನ್ ಹಿಡಿದು ಬಿಸಿ ಮಾಡಿ ಒಣಗಿಸಿ, ಥಿನ್ನರ್ ಬಟ್ಟೆಯಲ್ಲಿ ಒಂದ್ಸಲ ಒರೆಸಿ ಆಗಿಂದಾಗ್ಲೇ ಪ್ರೈಮರ್. ನಾಳೆ ಅಂದ್ರೆ ಕೆಲಸ ಕೆಟ್ಟಂಗೇ.

ಇನ್ನೊಂದು, ಆ ಫಳಫಳ ನಂಬ್ಬೇಡಿ. ವೈರ್ ಬ್ರಷ್ ಎಷ್ಟೋ ಸಲ ತುಕ್ಕನ್ನ ತೆಗೆಯೋದಿಲ್ಲ, ಪಾಲಿಶ್ ಮಾಡುತ್ತೆ. ಗುಳಿಗಳಲ್ಲಿ ಕಪ್ಪು-ಕಂದು ಮಚ್ಚೆ ಹೊಳೀತಾ ಇದ್ರೆ ಮೊಳೆ ತುದಿಯಲ್ಲಿ ಗೀರಿ ನೋಡಿ. ಕಂದು ಪುಡಿ ಬಂತು ಅಂದ್ರೆ ತುಕ್ಕು ಇನ್ನೂ ಅಲ್ಲೇ ಕೂತಿದೆ. ನಾನು ಬ್ರಷ್ ಆದ್ಮೇಲೆ 80 ನಂಬರ್ ಎಮರಿ ಹಾಕ್ತೀನಿ, ಪೇಂಟಿಗೂ ಕಚ್ಕೊಳ್ಳೋಕೆ ಜಾಗ ಆಗುತ್ತೆ. ಪಟ್ಟಿ ಸೇರೋ ಸಂದಿಗೆ ನೀರು ಇಳೀತಾನೇ ಇರುತ್ತೆ, ಎರಡು ಕೋಟ್ ಪ್ರೈಮರ್ ಆದ್ಮೇಲೆ ಪೇಂಟ್ ಹಿಡಿಯೋ ಸೀಲಂಟ್ ತುಂಬಿ. ಒಂದೇ ಕೋಟ್ ರೆಡ್ ಆಕ್ಸೈಡ್ ಯಾವತ್ತೂ ಸಾಲಲ್ಲ.

ಮೂಲೆ ಶೆಡ್:
ವೈಸ್‌ಗೆ ಗ್ರೈಂಡರ್ ತೋರಿಸ್ಬೇಡಿ ದಯವಿಟ್ಟು. ಸ್ಕ್ರೂಗೆ ಪೆನೆಟ್ರೇಟಿಂಗ್ ಆಯಿಲ್ (ಸಂದಿಗೆ ಇಳಿಯೋ ತೆಳು ಎಣ್ಣೆ) ಬಿಟ್ಟು ಎರಡು ದಿನ ಸುಮ್ನಿರಿ, ದಿನಕ್ಕೆರಡು ಸಲ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಹಿಡಿ ಹಿಡ್ಕೊಂಡು ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ, ಪೈಪ್ ಹಾಕಿ ಜಗ್ಗಿದ್ರೆ ಎರಕದ ಕಬ್ಬಿಣ ಬಿರುಕು ಬಿಡುತ್ತೆ. ಬಿಚ್ಚಿದ್ಮೇಲೆ ಎಲೆಕ್ಟ್ರಾಲಿಸಿಸ್ ಮಾಡಿ, ಅಂದ್ರೆ ಸೋಡಾ ನೀರಲ್ಲಿ ಕರೆಂಟ್ ಹರಿಸಿ ತುಕ್ಕು ಬಿಡಿಸೋದು. ಪ್ಲಾಸ್ಟಿಕ್ ಬಕೆಟ್, 10 ಲೀಟರ್ ನೀರಿಗೆ ಎರಡು ಮೂರು ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಮೈನಸ್ ವೈರ್ ವೈಸಿಗೆ, ಪ್ಲಸ್ ಒಂದು ಗುಜರಿ ಕಬ್ಬಿಣದ ತುಂಡಿಗೆ, ಎರಡೂ ಒಂದಕ್ಕೊಂದು ತಾಗಬಾರ್ದು. ಉಲ್ಟಾ ಮಾಡಿದ್ರೆ ಅಜ್ಜನ ವೈಸೇ ಕರಗೋಕೆ ಶುರು. ಗುಜರಿ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರ್ದು, ಕ್ರೋಮಿಯಂ ವಿಷ ನೀರಿಗೆ ಇಳಿಯುತ್ತೆ. ಗುಳ್ಳೆ ಗುಳ್ಳೆಯಾಗಿ ಬರೋದು ಹೈಡ್ರೋಜನ್, ಅದಕ್ಕೇ ಬಯಲಲ್ಲಿ ಇಡಿ, ಚಾರ್ಜರ್ ಆಫ್ ಮಾಡಿದ್ಮೇಲೇ ಕ್ಲಿಪ್ ತೆಗೀರಿ. ಗುಜರಿಗೆ ಎದುರಾದ ಮಗ್ಗುಲೇ ಹೆಚ್ಚು ಕ್ಲೀನ್ ಆಗೋದು, ಆಗಾಗ ತಿರುಗಿಸ್ತಾ ಇರಿ. ಒಳಗೆ ಸ್ಪ್ರಿಂಗ್ ಇದ್ರೆ ಅದನ್ನ ಹಾಕ್ಬೇಡಿ, ಹೈಡ್ರೋಜನ್ ಹೀರಿ ಪೆಡಸಾಗುತ್ತೆ.

ಎಣ್ಣೆ ಬಟ್ಟೆ:
ಕನ್ವರ್ಟರ್ ಬಗ್ಗೆ ಯಾರೂ ಹೇಳ್ಲಿಲ್ಲ. ಅದರಲ್ಲಿ ಟ್ಯಾನಿಕ್ ಆಸಿಡ್ ಇಲ್ಲಾ ಫಾಸ್ಫಾರಿಕ್ ಆಸಿಡ್ ಇರುತ್ತೆ, ತುಕ್ಕಿನ ಜೊತೆ ಸೇರಿ ಕಪ್ಪು ಪದರ ಆಗುತ್ತೆ. ಅಂದ್ರೆ ಅದಕ್ಕೆ ತುಕ್ಕು ಬೇಕು, ಆದ್ರೆ ಗಟ್ಟಿಯಾಗಿ ಅಂಟಿರೋ ತೆಳು ತುಕ್ಕು. ಹಕ್ಕಳೆ ಎದ್ದಿರೋ ಕಡೆ ಹಚ್ಚಿದ್ರೆ ಹಕ್ಕಳೆ ಸಮೇತ ಉದುರುತ್ತೆ. ನನಗೆ ಗ್ರಿಲ್ ಸಂದಿಗೆ ಬಿಟ್ರೆ ಬೇರೆಲ್ಲೂ ಅದರ ಮೇಲೆ ನಂಬಿಕೆ ಇಲ್ಲ.

ಹೈಡ್ರೋಕ್ಲೋರಿಕ್ ಆಸಿಡ್ ಐಡಿಯಾ ಯಾರಾದ್ರೂ ಕೊಟ್ರೆ ಶೆಡ್ ಒಳಗಂತೂ ಬೇಡ. ನಾನು ಒಂದು ಡಬ್ಬಿ ಮುಚ್ಚದೆ ಬಿಟ್ಟಿದ್ದೆ, ಎರಡು ದಿನಕ್ಕೆ ಅದರ ಆವಿಗೇ ಗೋಡೆ ಮೇಲಿನ ಸ್ಪ್ಯಾನರ್, ಡ್ರಿಲ್ ಬಿಟ್ ಎಲ್ಲ ಕೆಂಪಗೆ. ಒಂದು ತುಕ್ಕು ತೆಗೆಯೋಕೆ ಹೋಗಿ ನಲವತ್ತು ತುಕ್ಕು. ಹಳೇ ಪೇಂಟಲ್ಲಿ ಸೀಸ ಇರಬಹುದು, ಗ್ರೈಂಡರ್ ಇಟ್ಟು ಧೂಳೆಬ್ಬಿಸ್ಬೇಡಿ, ಒದ್ದೆ ಮಾಡಿ ಕೆರೀರಿ. ಕನ್ನಡಕ ಅಂತೂ ಬೇಕೇ ಬೇಕು, ಕಪ್ ಬ್ರಷ್ಷಿನ ತಂತಿ ಸಿಡಿದು ನನ್ನ ಏಪ್ರನ್ನಲ್ಲಿ ಮುಳ್ಳುಹಂದಿ ಥರ ನಿಂತಿತ್ತು.

ಅಡ್ಡಕಸುಬಿ:
ಮೊಳೆಯಲ್ಲಿ ಗೀರಿ ನೋಡ್ದೆ, ಹೊಳೀತಿದ್ದ ಜಾಗದಿಂದ್ಲೇ ಕಂದು ಪುಡಿ ಬಂತು 🙁 ಗ್ರಿಲ್ ಮತ್ತೆ ಮೊದಲಿಂದ. ವೈಸ್ ಸ್ಕ್ರೂ ಮೂರನೇ ದಿನ ಕಿರ್ ಅಂತ ಬಿಟ್ಕೊಳ್ತು, ಬೆಳಗ್ಗೆಯಿಂದ ಬಕೆಟಲ್ಲಿದೆ, ದವಡೆ ಪಕ್ಕ ಎರಕದ ಅಕ್ಷರ ಕಾಣ್ತಿದೆ, ಇಷ್ಟು ವರ್ಷ ಅಲ್ಲಿ ಅಕ್ಷರ ಇದೆ ಅಂತಾನೇ ಗೊತ್ತಿರ್ಲಿಲ್ಲ. ನೀರಿನ ಮೇಲೆ ಕಂದು ನೊರೆ ಕಟ್ಟಿದೆ, ಸರಿನಾ? ಸ್ಕ್ರೂಗೂ ಪೇಂಟ್ ಬೇಕಾ?

ಮೂಲೆ ಶೆಡ್:
ನೊರೆ ಸರಿ, ಅದು ಗುಜರಿ ತುಂಡಿನ ತುಕ್ಕು. ಆಫ್ ಮಾಡಿ ಆ ತುಂಡನ್ನ ಒಂದ್ಸಲ ಉಜ್ಜಿ, ಇಲ್ಲಾಂದ್ರೆ ಕರೆಂಟ್ ಕಮ್ಮಿ ಆಗುತ್ತೆ. ವೈಸ್ ಹೊರಗೆ ಬಂದಾಗ ಕಪ್ಪು ಮಸಿ ಮೆತ್ತಿರುತ್ತೆ, ಬ್ರಷ್ಷಲ್ಲಿ ಹೋಗುತ್ತೆ, ತೊಳೆದ ತಕ್ಷಣ ಒಣಗಿಸಿ. ಸ್ಕ್ರೂಗೆ ಗ್ರೀಸ್ ಅಷ್ಟೇ.