ಸಹಾಯ ಬೇಕು: ಅಬರ್ಡೀನ್‌ನಲ್ಲಿ ಸಾಲ್ಮನ್ ಹಿಡಿಯಲು ಆಂಗ್ಲಿಂಗ್ ಕ್ಲಬ್

ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡಿನಲ್ಲಿರೋ ಕನ್ನಡಿಗರಲ್ಲಿ ಯಾರಾದರೂ ಆಂಗ್ಲಿಂಗ್ ಕ್ಲಬ್ (ಗಾಳ ಹಾಕಿ ಮೀನು ಹಿಡಿಯೋರ ಸಂಘ) ಸದಸ್ಯರಿದ್ದೀರಾ? ನಾನು ಅಬರ್ಡೀನ್‌ನಲ್ಲಿದ್ದೀನಿ, ಡೀ ನದಿ ಮನೆಗೆ ಹತ್ತಿರ. ಊರು ತೀರ್ಥಹಳ್ಳಿ ಕಡೆ. ಎರೆಹುಳ ಸಿಕ್ಕಿಸಿ ಗಾಳ ಹಾಕಿ ಅಭ್ಯಾಸ ಇದೆ, ಫ್ಲೈ (ಗಾಳಕ್ಕೆ ಗರಿ, ದಾರ ಸುತ್ತಿ ಹುಳದ ಹಾಗೆ ಮಾಡಿದ ಕೃತಕ ಎರೆ) ಮಾತ್ರ ಹೊಸದು.

ಇಲ್ಲಿ ಸರ್ಕಾರಿ ಲೈಸೆನ್ಸ್ ಬೇಡ. ಆದರೆ ಆ ಜಾಗದಲ್ಲಿ ಮೀನು ಹಿಡಿಯೋ ಹಕ್ಕು ಇರುವವರ ಲಿಖಿತ ಅನುಮತಿ ಇಲ್ಲದೆ ಸಾಲ್ಮನ್‌ಗೆ ಗಾಳ ಹಾಕುವಂತಿಲ್ಲ. ಒಳ್ಳೆ ಜಾಗದ ದಿನದ ಟಿಕೆಟ್ ತಗೊಂಡರೆ ಜೇಬು ಖಾಲಿ, ಅದಕ್ಕೇ ಕ್ಲಬ್ ಯೋಚನೆ.

ಸೇರೋಕೆ ಹಳೇ ಸದಸ್ಯರ ಶಿಫಾರಸು ಬೇಕಾ? ವೇಟಿಂಗ್ ಲಿಸ್ಟ್ ಇರುತ್ತಾ? ಡೀಯಲ್ಲಿ ಸೀಸನ್ ಫೆಬ್ರವರಿ 1ರಿಂದ ಅಕ್ಟೋಬರ್ 15ರವರೆಗೆ, ಭಾನುವಾರ ಸಾಲ್ಮನ್ ಹಿಡಿಯೋದು ಕಾನೂನಿನ ಪ್ರಕಾರ ನಿಷಿದ್ಧ. ನನಗೆ ಉಳಿಯೋದು ಶನಿವಾರ ಒಂದೇ. ಅವತ್ತು ಜಾಗ ಹೇಗೆ ಹಂಚುತ್ತಾರೆ?

ಇನ್ನೊಂದು ವಿಷಯ. ಎರಡೂ ಕೈಲಿ ಹಿಡಿಯೋ 13 ಅಡಿ ರಾಡ್ ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. ಯೂಟ್ಯೂಬ್ ನೋಡಿ ಸ್ಪೇ ಕಾಸ್ಟಿಂಗ್ (ಲೈನನ್ನು ಪೂರ್ತಿ ಹಿಂದಕ್ಕೆ ಬೀಸದೆ ಮುಂದಕ್ಕೆ ಎಸೆಯೋ ರೀತಿ) ಮಾಡಿದರೆ ಲೈನು ಸುರುಳಿ ಸುತ್ತಿ ನನ್ನ ಕಾಲ ಬುಡಕ್ಕೇ ಬೀಳುತ್ತೆ. ಹೊಸಬರಿಗೆ ತಾಳ್ಮೆಯಿಂದ ಹೇಳಿಕೊಡೋ ಕ್ಲಬ್ ಆದರೆ ಫೀಸು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಹಿಡಿದದ್ದನ್ನು ವಾಪಸ್ ನೀರಿಗೇ ಬಿಡಬೇಕು ಅಂತ ಗೊತ್ತು, ಸಾರಿನ ಆಸೆಗೆ ಕೇಳ್ತಿಲ್ಲ! ಗೊತ್ತಿರೋರು ದಯವಿಟ್ಟು ಇನ್‌ಬಾಕ್ಸ್ ಮಾಡಿ.