ಸಹಾಯ ಬೇಕು: ಕ್ಯಾಲ್ಕುಲೇಟರ್ ತೋರಿಸುವ ಎರರ್ ಒಂದು, ಕಾರಣ ಇನ್ನೊಂದು

ನಮಸ್ಕಾರ. ನಾವಿರುವುದು ಅಮೆರಿಕದಲ್ಲಿ. ಮಗಳು ಹೈಸ್ಕೂಲು, ಗಣಿತಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕು.

ಮೊದಲು ಯಾವ ಗ್ರಾಫ್ ಹಾಕಿದರೂ ‘ಇನ್‌ವ್ಯಾಲಿಡ್ ಡಿಮೆನ್ಷನ್’ ಅಂತ ಬರುತ್ತಿತ್ತು. ಸಮೀಕರಣದಲ್ಲಿ ತಪ್ಪೇ ಇರಲಿಲ್ಲ! ಸ್ಟ್ಯಾಟ್ ಪ್ಲಾಟ್ (ಲಿಸ್ಟ್ ಎಂಬ ಪಟ್ಟಿಯಲ್ಲಿ ತುಂಬಿದ ಅಂಕಿಗಳನ್ನು ಚಿತ್ರವಾಗಿ ತೋರಿಸುವ ಸೌಲಭ್ಯ) ಆನ್ ಆಗಿತ್ತು, ಅದರ ಲಿಸ್ಟ್ ಖಾಲಿ ಇತ್ತು, ಅಷ್ಟೇ. ಆಫ್ ಮಾಡಿದ ಮೇಲೆ ಸರಿಹೋಯಿತು.

ಈಗಿನ ತಲೆನೋವು ಬೇರೆ. (ಎಕ್ಸ್ − 2)² ಗ್ರಾಫ್‌ನಲ್ಲಿ ಝೀರೋ (ಗ್ರಾಫ್ ಎಕ್ಸ್ ಅಕ್ಷವನ್ನು ಸೇರುವ ಜಾಗ) ಹುಡುಕಿದರೆ ‘ನೋ ಸೈನ್ ಚೇಂಜ್’, ಅಂದರೆ ಪ್ಲಸ್-ಮೈನಸ್ ಬದಲಾಗುತ್ತಿಲ್ಲ, ಎನ್ನುತ್ತದೆ. ಉತ್ತರ 2 ಅಂತ ಕಣ್ಣಿಗೇ ಕಾಣುತ್ತದೆ, ಅಲ್ವಾ? ಗ್ರಾಫ್ ಅಕ್ಷವನ್ನು ದಾಟದೆ ಸುಮ್ನೆ ಮುಟ್ಟಿ ಮೇಲೆ ಹೋಗುವುದರಿಂದ ಹೀಗೆ ಅಂತ ಗೊತ್ತು. ಬದಲಿಗೆ ಮಿನಿಮಮ್ (ಗ್ರಾಫಿನ ಅತಿ ಕೆಳಗಿನ ಬಿಂದು ಹುಡುಕುವ ಆಯ್ಕೆ) ಒತ್ತಿದರೆ 1.9999 ಅಂತ ಏನೋ ಬರುತ್ತದೆ, ಅವಳಿಗೆ ಇನ್ನೂ ಜಾಸ್ತಿ ಗೊಂದಲ.

ನೇರವಾಗಿ 2 ಬರುವ ದಾರಿ ಇದೆಯೇ? ಇಂಥ ಎರರ್‌ಗಳ ನಿಜವಾದ ಕಾರಣಗಳನ್ನು ಯಾರಾದರೂ ಬರೆದಿಟ್ಟಿದ್ದರೆ ದಯವಿಟ್ಟು ಕಳಿಸಿ.